ಗೋದಾಮಿನ ಬಾಗಿಲಲ್ಲಿ ಹುಟ್ಟುವ ಲೆಕ್ಕ

ಕಾರ್ಖಾನೆಯೊಂದರ ಗೋದಾಮಿಗೆ ನಲವತ್ತು ಡ್ರಮ್ ರಾಸಾಯನಿಕ ಬಂದು ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಸ್ಟೋರ್ ಕೀಪರ್ ಡ್ರಮ್ಮುಗಳನ್ನು ಎಣಿಸುತ್ತಾನೆ, ತೂಕದ ಚೀಟಿಯನ್ನು ಚಲನ್ ಜೊತೆ ತಾಳೆ ನೋಡುತ್ತಾನೆ, ಕಂಪ್ಯೂಟರಿನಲ್ಲಿ ಖರೀದಿ ಆದೇಶದ ಸಂಖ್ಯೆ ಹೊಡೆದು, ಬಂದ ಪ್ರಮಾಣ ತುಂಬಿ, ಪೋಸ್ಟ್ ಮಾಡುತ್ತಾನೆ. ಅವನ ಪಾಲಿಗೆ ಅದು ಮಾಲು ಬಂದದ್ದನ್ನು ದಾಖಲಿಸುವ ಕೆಲಸ, ಅಷ್ಟೆ. ಆದರೆ ಆ ಒಂದು ಕ್ಲಿಕ್ಕಿನಲ್ಲಿ ದಾಸ್ತಾನು ಖಾತೆಗೆ ಡೆಬಿಟ್ ಬಿದ್ದಿರುತ್ತದೆ. ಪೂರೈಕೆದಾರರ ಬಿಲ್ ಇನ್ನೂ ಕೈಸೇರಿಲ್ಲವಾದ್ದರಿಂದ, ಮಾಲು ಬಂದು ಬಿಲ್ ಬಾರದ ಬಾಬತ್ತುಗಳನ್ನು ಹಿಡಿದಿಡುವ ಮಧ್ಯಂತರ ಖಾತೆಯೊಂದಕ್ಕೆ ಕ್ರೆಡಿಟ್ ಬಿದ್ದಿರುತ್ತದೆ. ಆ ರಾಸಾಯನಿಕಕ್ಕೆ ವರ್ಷದ ಆರಂಭದಲ್ಲಿ ಗೊತ್ತುಪಡಿಸಿದ ಪ್ರಮಾಣಿತ ದರ ಕಿಲೋಗೆ 200 ಇದ್ದು ಖರೀದಿ ಆದೇಶದಲ್ಲಿ 206 ಇದ್ದರೆ, ಕಿಲೋಗೆ ಆರರಂತೆ ಬೆಲೆ ವ್ಯತ್ಯಾಸದ ಖಾತೆಗೂ ಮೊತ್ತ ಹೋಗಿರುತ್ತದೆ. ಖರೀದಿ ವಿಭಾಗದ ತಿಂಗಳ ವರದಿಯಲ್ಲಿ ಒಂದು ಅಂಕಿ ಕೆಂಪಾಗಿರುತ್ತದೆ. ಇಷ್ಟೂ ನಡೆಯುವಾಗ ಲೆಕ್ಕಪತ್ರ ವಿಭಾಗದವರು ಯಾರೂ ಆ ಸುತ್ತಮುತ್ತ ಇರುವುದಿಲ್ಲ.

ಖರೀದಿ, ಗೋದಾಮು, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಂದೇ ವ್ಯವಸ್ಥೆಯಲ್ಲಿ ಹೆಣೆಯುವ ಇಆರ್‌ಪಿ ತಂತ್ರಾಂಶಗಳು, ಸಂಸ್ಥೆಯ ಒಳಗಿನ ತೀರ್ಮಾನಗಳಿಗೆ ನೆರವಾಗುವ ನಿರ್ವಹಣಾ ಲೆಕ್ಕಶಾಸ್ತ್ರವನ್ನು ಹೇಗೆ ಬದಲಿಸಿದವು ಎಂದು ಕೇಳಿದಾಗ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ವೇಗದ ಸುತ್ತಲೇ ತಿರುಗುತ್ತವೆ: ವರದಿ ಬೇಗ ಬರುತ್ತದೆ, ತಿಂಗಳ ಕೊನೆಯ ಕ್ಲೋಸಿಂಗ್ ಬೇಗ ಮುಗಿಯುತ್ತದೆ, ಎಲ್ಲ ಶಾಖೆಗಳ ಅಂಕಿಗಳು ಒಂದೇ ಕಡೆ ಕಾಣುತ್ತವೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ವೆಚ್ಚದ ಲೆಕ್ಕದಲ್ಲೇ ಕೆಲಸದ ದಿನಗಳನ್ನು ಕಳೆಯುವ ನನಗೆ ಅನಿಸುವುದೇನೆಂದರೆ, ವೇಗ ಈ ಬದಲಾವಣೆಯ ಮೇಲ್ಪದರ ಮಾತ್ರ. ಲೆಕ್ಕ ಹುಟ್ಟುವ ಜಾಗ ಬದಲಾಗಿದೆ, ಅದನ್ನು ಹುಟ್ಟಿಸುವ ಕೈಗಳು ಬದಲಾಗಿವೆ; ಅದರ ಬೆನ್ನಿಗೇ ನಿಯಂತ್ರಣವೂ ವರದಿ ಓದುವ ಮೇಜಿನಿಂದ ಎದ್ದು, ತಂತ್ರಾಂಶವನ್ನು ಹೇಗೆ ಹೊಂದಿಸಬೇಕೆಂದು ಮೊದಲೇ ತೀರ್ಮಾನಿಸುವ ಕೋಣೆಗೆ ಹೋಗಿ ಕುಳಿತಿದೆ. ಈ ಸ್ಥಳಾಂತರ ಎಷ್ಟು ಸದ್ದಿಲ್ಲದೆ ನಡೆಯಿತೆಂದರೆ ಅದನ್ನು ಹುಡುಕಿಕೊಂಡು ಹೋದ ಸಂಶೋಧಕರಿಗೂ ಬಹಳ ಕಾಲ ಅದು ಪೂರ್ತಿಯಾಗಿ ಕಣ್ಣಿಗೆ ಬಿದ್ದಂತಿಲ್ಲ.

ಈ ತಂತ್ರಾಂಶಗಳ ವಂಶಾವಳಿಯಲ್ಲಿ ಎರಡು ಕವಲುಗಳಿವೆ. ಒಂದು ಕಾರ್ಖಾನೆಯ ಯೋಜನೆಯಿಂದ ಬಂದದ್ದು. ಒಂದು ಉತ್ಪನ್ನಕ್ಕೆ ಯಾವ ಯಾವ ಬಿಡಿಭಾಗ ಎಷ್ಟೆಷ್ಟು ಬೇಕು ಎಂಬ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು, ಯಾವ ಸಾಮಗ್ರಿಯನ್ನು ಯಾವಾಗ ತರಿಸಬೇಕೆಂದು ಲೆಕ್ಕ ಹಾಕಿಸುವ ಎಂಆರ್‌ಪಿ ವಿಧಾನವನ್ನು ಜೋಸೆಫ್ ಆರ್ಲಿಕಿ 1960ರ ದಶಕದಲ್ಲಿ ರೂಪಿಸಿದರು. ಆಲಿವರ್ ವೈಟ್ ಅದಕ್ಕೆ ಯಂತ್ರಗಳ ಸಾಮರ್ಥ್ಯ ಮತ್ತು ಹಣಕಾಸಿನ ಲೆಕ್ಕವನ್ನೂ ಸೇರಿಸಿ ವಿಸ್ತರಿಸಿದರು. ಇಆರ್‌ಪಿ ಎಂಬ ಹೆಸರನ್ನು 1990ರಲ್ಲಿ ಕೊಟ್ಟದ್ದು ಗಾರ್ಟ್‌ನರ್ ಎಂಬ ಸಲಹಾ ಸಂಸ್ಥೆ. ಇನ್ನೊಂದು ಕವಲು ಲೆಕ್ಕಪತ್ರದ್ದು. 1972ರಲ್ಲಿ ಐಬಿಎಂನಿಂದ ಹೊರಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್‌ಎಪಿ ಕಂಪನಿಯನ್ನು ಕಟ್ಟಿದರು. ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐಯ ಜರ್ಮನ್ ಘಟಕ ಅವರ ಮೊದಲ ಗ್ರಾಹಕ. ಅವರ ಮೊದಲ ಸಿದ್ಧ ಉತ್ಪನ್ನ ಹಣಕಾಸು ಲೆಕ್ಕದ ತಂತ್ರಾಂಶ. 1992ರಲ್ಲಿ ಬಂದ ಎಸ್‌ಎಪಿಯ ಆರ್/3 ಆವೃತ್ತಿಯ ಹೊತ್ತಿಗೆ ಎರಡೂ ಕವಲುಗಳು ಕೂಡಿಕೊಂಡು, ಗೋದಾಮಿನ ಕ್ಲಿಕ್ಕು ಲೆಡ್ಜರಿನವರೆಗೆ ತಾನಾಗಿ ಹರಿಯುವ ವ್ಯವಸ್ಥೆ ಜಗತ್ತಿನ ದೊಡ್ಡ ಕಂಪನಿಗಳಿಗೆಲ್ಲ ಹರಡತೊಡಗಿತ್ತು.

ಇಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೊಂದಿದೆ. ತಂತ್ರಾಂಶ ಬರುವಾಗ ಬರಿಗೈಲಿ ಬರುವುದಿಲ್ಲ. ಯಾವುದೋ ಒಂದು ಲೆಕ್ಕಶಾಸ್ತ್ರದ ಸಂಪ್ರದಾಯವನ್ನು ಜೊತೆಗೆ ಕರೆತರುತ್ತದೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಹಾನ್ಸ್ ಗಿಯೋರ್ಗ್ ಪ್ಲೌಟ್ ಮತ್ತು ವುಲ್ಫ್‌ಗಾಂಗ್ ಕಿಲ್ಗರ್ ಅವರು ಜರ್ಮನಿಯಲ್ಲಿ ಬೆಳೆಸಿದ ವೆಚ್ಚ ಲೆಕ್ಕದ ಪದ್ಧತಿಯಲ್ಲಿ, ಕಾರ್ಖಾನೆಯನ್ನು ಖರ್ಚಿನ ಲೆಕ್ಕ ಬೇರೆಬೇರೆಯಾಗಿ ಇಡುವ ನೂರಾರು ಸಣ್ಣ ಘಟಕಗಳಾಗಿ, ಅಂದರೆ ಕಾಸ್ಟ್ ಸೆಂಟರುಗಳಾಗಿ, ಒಡೆದು, ಪ್ರತಿಯೊಂದರಲ್ಲೂ ಉತ್ಪಾದನೆಯ ಜೊತೆ ಏರಿಳಿಯುವ ವೆಚ್ಚವನ್ನೂ ಏರಿಳಿಯದೆ ನಿಲ್ಲುವ ವೆಚ್ಚವನ್ನೂ ಬೇರ್ಪಡಿಸುವುದು ಮೂಲ ನಿಯಮ. ಹೊರಗಿನವರಿಗೆ ತೋರಿಸುವ ಹಣಕಾಸು ಲೆಕ್ಕ ಒಂದು ಆವರಣ, ಒಳಗಿನ ನಿರ್ವಹಣೆಗೆ ಬೇಕಾದ ವೆಚ್ಚದ ಲೆಕ್ಕ ಇನ್ನೊಂದು ಆವರಣ ಎಂಬ ವಿಂಗಡಣೆಯೂ ಆ ನಾಡಿನ ಲೆಕ್ಕಿಗರ ಅಭ್ಯಾಸ. ಆರ್/3 ಇವೆರಡನ್ನೂ ತನ್ನೊಳಗೆ ಇಟ್ಟುಕೊಂಡೇ ಹೊರಟಿತು: ಹಣಕಾಸು ಲೆಕ್ಕಕ್ಕೆ ಒಂದು ಮಾಡ್ಯೂಲ್, ನಿಯಂತ್ರಣದ ಲೆಕ್ಕಕ್ಕೆ ಇನ್ನೊಂದು, ಎರಡನ್ನೂ ತಾಳೆ ಹಾಕಲು ಮಧ್ಯೆ ಒಂದು ಸಮನ್ವಯ ಲೆಡ್ಜರ್. ಕಾಸ್ಟ್ ಸೆಂಟರ್ ಎಂದರೇನೆಂದು ಎಂದೂ ತಲೆ ಕೆಡಿಸಿಕೊಳ್ಳದ ಕಂಪನಿಗಳು ತಂತ್ರಾಂಶವನ್ನು ಕೊಂಡ ಒಂದೇ ಕಾರಣಕ್ಕೆ ಈ ಪದ್ಧತಿಯ ಅನುಯಾಯಿಗಳಾದವು. ಯಾವ ಆಡಳಿತ ಮಂಡಳಿಯೂ ಈ ಬಗ್ಗೆ ಕುಳಿತು ಠರಾವು ಮಾಡಿದ್ದನ್ನು ನಾನು ಕಾಣೆ.

2015ರಲ್ಲಿ ಬಂದ ಎಸ್‌ಎಪಿಯ ಎಸ್/4 ಹಾನಾ ಆವೃತ್ತಿಯಲ್ಲಿ ಈ ಎರಡು ಆವರಣಗಳ ನಡುವಿನ ಗೋಡೆಯನ್ನು ಕೆಡವಲಾಯಿತು. ಹಣಕಾಸು ಲೆಕ್ಕದ ನಮೂದೂ ವೆಚ್ಚದ ಲೆಕ್ಕದ ನಮೂದೂ ಒಂದೇ ದೊಡ್ಡ ಕೋಷ್ಟಕದಲ್ಲಿ, ಒಂದೇ ಸಾಲಿನಲ್ಲಿ ಕೂರುತ್ತವೆ. ತಾಳೆ ಹಾಕುವ ಕೆಲಸವೇ ಉಳಿಯುವುದಿಲ್ಲ. ತಿಂಗಳ ಕೊನೆಯಲ್ಲಿ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವನ್ನು ಬೆನ್ನಟ್ಟಿ ರಾತ್ರಿಗಳನ್ನು ಕಳೆದವರಿಗೆ ಇದೆಂಥ ಬಿಡುಗಡೆಯೆಂದು ಬೇರೆ ಹೇಳಬೇಕಿಲ್ಲ. ಆದರೆ 1987ರಲ್ಲಿ ಅಮೆರಿಕದ ಲೆಕ್ಕಶಾಸ್ತ್ರಜ್ಞರಾದ ಥಾಮಸ್ ಜಾನ್ಸನ್ ಮತ್ತು ರಾಬರ್ಟ್ ಕಪ್ಲಾನ್ ಎತ್ತಿದ್ದ ಆಕ್ಷೇಪವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ನಿರ್ವಹಣೆಗೆ ಬೇಕಾದ ಮಾಹಿತಿ ಹಣಕಾಸು ವರದಿಯ ಅಗತ್ಯಗಳಿಗೆ ಅಡಿಯಾಳಾಗಿಬಿಟ್ಟಿದೆ, ಆದ್ದರಿಂದಲೇ ಅದು ತಡವಾಗಿ, ವಿವರಗಳೆಲ್ಲ ಒಟ್ಟಾಗಿ ಕಲಸಿಹೋಗಿ, ಸೊಟ್ಟಗಾಗಿ ವ್ಯವಸ್ಥಾಪಕರ ಕೈಸೇರುತ್ತಿದೆ ಎಂಬುದು ಅವರ ವಾದವಾಗಿತ್ತು. ತಡವಾಗುವುದನ್ನೂ ಕಲಸಿಹೋಗುವುದನ್ನೂ ಇಆರ್‌ಪಿ ಬಹುಮಟ್ಟಿಗೆ ಪರಿಹರಿಸಿದೆ; ಇಂದು ಒಂದು ಇನ್ವಾಯ್ಸಿನ ಒಂದು ಸಾಲಿನವರೆಗೂ ಇಳಿದು ನೋಡಬಹುದು. ಅಡಿಯಾಳುತನವನ್ನು ಮಾತ್ರ ಅದು ಪರಿಹರಿಸಲಿಲ್ಲ, ಇನ್ನಷ್ಟು ಗಟ್ಟಿ ಮಾಡಿತು ಎಂದೇ ನನ್ನ ಅಭಿಪ್ರಾಯ. ಒಂದೇ ಸಾಲಿನಲ್ಲಿ ಎರಡೂ ಲೆಕ್ಕ ಕೂರಬೇಕಾದರೆ, ಲೆಕ್ಕಪರಿಶೋಧಕರು ಒಪ್ಪದ ಅಂಕಿಗೆ ಅಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ. ಸ್ವಂತ ಬಂಡವಾಳಕ್ಕೂ ಒಂದು ಬಡ್ಡಿ ಕಟ್ಟಿ ನೋಡುವ, ಹಳೆಯ ಯಂತ್ರದ ಸವಕಳಿಯನ್ನು ಇಂದಿನ ಬೆಲೆಯಲ್ಲಿ ಅಂದಾಜಿಸುವ ಒಳಗಿನ ಲೆಕ್ಕಗಳಿಗಾಗಿ ಸಮಾನಾಂತರ ಲೆಡ್ಜರುಗಳನ್ನು ಬೇರೆಯಾಗಿ ಹೊಂದಿಸಿಕೊಳ್ಳಬಹುದು, ನಿಜ. ಅಷ್ಟು ಶ್ರಮ ಯಾರಿಗೆ ಬೇಕೆಂದು ಬಿಟ್ಟುಬಿಡುವ ಕಡೆಗಳೇ ಹೆಚ್ಚು.

ಸಂಶೋಧಕರು ಕಂಡದ್ದೇನು? ಫಿನ್ಲೆಂಡಿನ ಮಾರ್ಕಸ್ ಗ್ರಾನ್ಲಂಡ್ ಮತ್ತು ತೇಮು ಮಾಲ್ಮಿ ತಮ್ಮ ದೇಶದ ಕೆಲವು ಕಂಪನಿಗಳನ್ನು ನೋಡಿ 2002ರಲ್ಲಿ ಬರೆದದ್ದು ತಂತ್ರಾಂಶ ಮಾರುವವರಿಗೆ ಇಷ್ಟವಾಗುವಂಥದ್ದಾಗಿರಲಿಲ್ಲ: ನಿರ್ವಹಣಾ ಲೆಕ್ಕಶಾಸ್ತ್ರದ ಮೇಲೆ ಪರಿಣಾಮ ಸಾಧಾರಣ, ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ, ಬಜೆಟ್, ಸ್ಕೋರ್‌ಕಾರ್ಡ್‌ಗಳಂಥವು ಹೆಚ್ಚಾಗಿ ಇಆರ್‌ಪಿಯ ಹೊರಗೇ, ಎಕ್ಸೆಲ್ ಹಾಳೆಗಳಂಥ ಬೇರೆ ಸಾಧನಗಳಲ್ಲೇ ಉಳಿದಿವೆ. ಮರುವರ್ಷ ರಾಬರ್ಟ್ ಸ್ಕೇಪನ್ಸ್ ಮತ್ತು ಮುಸ್ತಫಾ ಜಜಾಯೇರಿ ಒಂದು ಬಹುರಾಷ್ಟ್ರೀಯ ಕಂಪನಿಯ ಯುರೋಪ್ ವಿಭಾಗವನ್ನು ಹತ್ತಿರದಿಂದ ನೋಡಿ ಬರೆದರು. ಅಲ್ಲಿಯೂ ಹೊಸ ಲೆಕ್ಕತಂತ್ರಗಳೇನೂ ಬಂದಿರಲಿಲ್ಲ; ಆದರೆ ದಿನನಿತ್ಯದ ಗುಮಾಸ್ತೆ ಕೆಲಸಗಳು ಮಾಯವಾಗಿದ್ದವು, ಉತ್ಪಾದನೆಯ ವ್ಯವಸ್ಥಾಪಕರೇ ಲೆಕ್ಕ ಓದಲು ಕಲಿತಿದ್ದರು, ಹಿಂದಿನದರ ಬದಲು ಮುಂದಿನದರ ಅಂಕಿಗಳ ಮೇಲೆ ಕಣ್ಣು ನೆಟ್ಟಿತ್ತು, ಲೆಕ್ಕಿಗರ ಪಾತ್ರ ಹಿಗ್ಗಿತ್ತು. ಎರಡು ಅಧ್ಯಯನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ವಿರೋಧವೇನೂ ಇಲ್ಲ. ಲೆಕ್ಕದ ತಂತ್ರಗಳಲ್ಲಿ ಬದಲಾವಣೆಯನ್ನು ಹುಡುಕಿದರೆ ಅದು ಸಾಧಾರಣವಾಗಿಯೇ ಕಾಣುತ್ತದೆ. ಲೆಕ್ಕವನ್ನು ಯಾರು ಎಲ್ಲಿ ಕೂತು ಮಾಡುತ್ತಿದ್ದಾರೆ ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಲೆಕ್ಕ ಹುಟ್ಟುವ ಜಾಗ ಬದಲಾದರೆ ತಪ್ಪು ಹುಟ್ಟುವ ಜಾಗವೂ ಬದಲಾಗುತ್ತದೆ. ಒಂದು ಬಿಡಿಭಾಗ ಗೋದಾಮಿನಲ್ಲಿ 90 ಇವೆ, ಸರಾಸರಿ ದರ ತಲಾ 10, ಅಂದರೆ ಒಟ್ಟು ಮೌಲ್ಯ 900. ನೂರರ ಪೆಟ್ಟಿಗೆಯೊಂದಕ್ಕೆ 1,000ದಂತೆ ಹತ್ತು ಪೆಟ್ಟಿಗೆ ಬರುತ್ತವೆ. ಪೆಟ್ಟಿಗೆಯನ್ನು ಬಿಡಿ ಸಂಖ್ಯೆಗೆ ಪರಿವರ್ತಿಸುವ ಮಾಹಿತಿ ಮಾಸ್ಟರ್ ಡೇಟಾದಲ್ಲಿ, ಅಂದರೆ ತಂತ್ರಾಂಶ ಪ್ರತಿ ಸಲ ಆಧಾರವಾಗಿ ಬಳಸುವ ಸ್ಥಿರ ವಿವರಗಳಲ್ಲಿ, ತಪ್ಪಾಗಿದ್ದು, ದಾಖಲೆಯಲ್ಲಿ ಅವು ಹತ್ತು ಬಿಡಿಭಾಗಗಳೆಂದೇ ನಮೂದಾಗುತ್ತವೆ. ಈಗ ತಂತ್ರಾಂಶದ ಪ್ರಕಾರ ಗೋದಾಮಿನಲ್ಲಿರುವುದು 100, ಮೌಲ್ಯ 10,900. ಸರಾಸರಿ ದರ ಒಂದೇ ಏಟಿಗೆ 10ರಿಂದ 109ಕ್ಕೆ ಜಿಗಿಯುತ್ತದೆ. ಅದೇ ದಿನ ಮಧ್ಯಾಹ್ನ ಉತ್ಪಾದನೆಗೆಂದು 50 ಹೊರಹೋದರೆ, 500 ಆಗಬೇಕಿದ್ದ ಖರ್ಚು 5,450 ಆಗಿ ಒಂದು ಉತ್ಪನ್ನದ ಮೇಲೆ ಕೂರುತ್ತದೆ. ಮರುದಿನ ಯಾರೋ ಗಮನಿಸಿ ಆ ನಮೂದನ್ನು ರದ್ದು ಮಾಡಿದರೂ, ಆಗಲೇ ಹೊರಹೋದ ಐವತ್ತರ ಬೆಲೆ ತಾನಾಗಿ ಸರಿಹೋಗುವುದಿಲ್ಲ. ಹಳೆಯ ಕಾಲದಲ್ಲಿ ಇದೇ ತಪ್ಪು ಚೀಟಿಯ ಮೇಲೆ ಆಗುತ್ತಿತ್ತು, ಮತ್ತು ಚೀಟಿಯನ್ನು ಖಾತೆಗೆ ಏರಿಸುವ ಗುಮಾಸ್ತ 'ಹತ್ತು ರೂಪಾಯಿಯ ಮಾಲಿಗೆ ಸಾವಿರ ಹೇಗೆ ಬಂತು' ಎಂದು ತಲೆ ಎತ್ತಿ ಕೇಳುತ್ತಿದ್ದ. ಆ ಗುಮಾಸ್ತನ ಸಂಬಳವನ್ನು ಉಳಿತಾಯವೆಂದು ಯೋಜನಾ ವರದಿಯಲ್ಲಿ ತೋರಿಸಿರುತ್ತಾರೆ. ಅವನ ಅನುಮಾನಕ್ಕೆ ಅಲ್ಲಿ ಯಾರೂ ಬೆಲೆ ಕಟ್ಟಿರುವುದಿಲ್ಲ.

ಇನ್ನು ನಿಯಂತ್ರಣದ ವಿಚಾರ. ಸಾಂಪ್ರದಾಯಿಕ ಬಜೆಟ್ ನಿಯಂತ್ರಣ ಮುಗಿದ ತಿಂಗಳ ಮೇಲೆ ನಡೆಯುವ ವಿಚಾರಣೆ. ಖರ್ಚಾಗುತ್ತದೆ, ವರದಿ ಬರುತ್ತದೆ, ಮೀರಿದ್ದು ಯಾಕೆಂದು ಕೇಳಲಾಗುತ್ತದೆ, ವಿವರಣೆ ಕೊಡಲಾಗುತ್ತದೆ. ಇಆರ್‌ಪಿ ಈ ವಿಚಾರಣೆಯನ್ನು ಖರ್ಚಿಗಿಂತ ಮೊದಲಿನ ಕ್ಷಣಕ್ಕೆ ತಂದು ನಿಲ್ಲಿಸಿತು. ಬಜೆಟ್ ಮುಗಿದಿದ್ದರೆ ಖರೀದಿ ಆದೇಶವೇ ಮುಂದೆ ಹೋಗುವುದಿಲ್ಲ. ಇಂತಿಷ್ಟು ಮೊತ್ತ ದಾಟಿದರೆ ಮೇಲಿನವರ ಒಪ್ಪಿಗೆಗೆ ತಾನಾಗಿ ಹೋಗಿ ನಿಲ್ಲುತ್ತದೆ. ಆದೇಶ, ಬಂದ ಮಾಲು, ಬಿಲ್ ಈ ಮೂರೂ ತಾಳೆಯಾಗದಿದ್ದರೆ ಹಣ ಪಾವತಿಯಾಗುವುದಿಲ್ಲ. ಪೂರೈಕೆದಾರರನ್ನು ನೋಂದಾಯಿಸುವವರೇ ಪಾವತಿಯನ್ನೂ ಮಾಡುವಂತಿಲ್ಲ. ಅಮೆರಿಕದಲ್ಲಿ 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂದು, ಹಣಕಾಸು ವರದಿಯ ಮೇಲಿನ ಆಂತರಿಕ ನಿಯಂತ್ರಣಗಳ ಬಗ್ಗೆ ಆಡಳಿತವೇ ಮೌಲ್ಯಮಾಪನ ಕೊಡಬೇಕೆಂದಾದ ಮೇಲೆ, ಇಂಥ ಬೀಗಗಳು ಇನ್ನಷ್ಟು ಬಿಗಿಯಾದವು. ರಾಬರ್ಟ್ ಸೈಮನ್ಸ್ 1995ರಲ್ಲಿ ಮಾಡಿದ ವಿಂಗಡಣೆಯಲ್ಲಿ ಸಂಸ್ಥೆಯ ನಿಯಂತ್ರಣಕ್ಕೆ ನಾಲ್ಕು ಸನ್ನೆಗೋಲುಗಳು: ನಂಬಿಕೆಗಳು, ಎಲ್ಲೆಗಳು, ಗುರಿಯ ಜೊತೆ ಫಲಿತಾಂಶವನ್ನು ಹೋಲಿಸುವ ತಪಾಸಣೆ, ಮತ್ತು ಅನಿಶ್ಚಿತ ಸಂಗತಿಗಳ ಬಗ್ಗೆ ಮೇಲಿನವರು ಕೆಳಗಿನವರ ಜೊತೆ ನಿರಂತರವಾಗಿ ನಡೆಸುವ ಸಂವಾದ. ತಂತ್ರಾಂಶದ ಒಲವೆಲ್ಲ ಎರಡನೆಯದರ ಮತ್ತು ಮೂರನೆಯದರ ಕಡೆಗೆ. ಎಲ್ಲೆ ಹಾಕುವುದೂ ಹೋಲಿಸುವುದೂ ಯಂತ್ರಕ್ಕೆ ಬಲು ಸಲೀಸು. ನಂಬಿಕೆ ಅದಕ್ಕೆ ಗೊತ್ತಿಲ್ಲ. ಸಂವಾದಕ್ಕೆ ಅದು ವಸ್ತುವನ್ನು ಒದಗಿಸಬಹುದು, ಸಮಯವನ್ನು ಒದಗಿಸಲಾರದು.

ಎಲ್ಲೆಗಳು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ದುರಸ್ತಿ ವಿಭಾಗಕ್ಕಿಂತ ಒಳ್ಳೆಯ ಜಾಗವಿಲ್ಲ. ರಾತ್ರಿ ಪಾಳಿಯಲ್ಲಿ ಒಂದು ಬೇರಿಂಗ್ ಹೋಗಿ ಯಂತ್ರ ನಿಂತಿದೆ. ಎಂಜಿನಿಯರ್ ತುರ್ತು ಖರೀದಿಗೆ ಕೋರಿಕೆ ಹಾಕುತ್ತಾನೆ. ಆ ಕಾಸ್ಟ್ ಸೆಂಟರಿನ ಬಜೆಟ್ ಆಗಲೇ ಮುಗಿದಿದೆ. 'ಸಾರ್, ಸಿಸ್ಟಮ್ ತಗೋತಾ ಇಲ್ಲ' ಎಂಬ ಫೋನ್ ಹೋಗುತ್ತದೆ. ಆ ಹೊತ್ತಿನಲ್ಲಿ ಬಜೆಟ್ ಹೆಚ್ಚಿಸುವ ಅಧಿಕಾರ ಇರುವವರು ಯಾರೂ ಎಚ್ಚರವಿಲ್ಲ. ಪಕ್ಕದ ವಿಭಾಗದ ಕಾಸ್ಟ್ ಸೆಂಟರಿನಲ್ಲಿ ಹಣ ಉಳಿದಿದೆ, ಅಥವಾ ಬಣ್ಣ ಬಳಿಸುವ ಖರ್ಚನ್ನು ಬೇರೆಯಾಗಿ ಹಿಡಿದಿಡಲೆಂದು ತೆರೆದ ಯಾವುದೋ ಆಂತರಿಕ ಆದೇಶ ಇನ್ನೂ ಮುಚ್ಚಿಲ್ಲ. ಬೇರಿಂಗ್ ಅದರ ಹೆಸರಿನಲ್ಲಿ ಬರುತ್ತದೆ, ಬೆಳಗಾಗುವುದರೊಳಗೆ ಯಂತ್ರ ತಿರುಗುತ್ತದೆ, ಯಾವ ನಿಯಮವೂ ಮುರಿದಂತೆ ಕಾಣುವುದಿಲ್ಲ. ಆರು ತಿಂಗಳ ನಂತರ ಆ ಯಂತ್ರವನ್ನು ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಅದರ ದುರಸ್ತಿ ಖರ್ಚಿನ ಚರಿತ್ರೆಯನ್ನು ತೆಗೆದಾಗ, ಆ ರಾತ್ರಿ ಅಲ್ಲಿರುವುದಿಲ್ಲ. ಬಿಗಿಯಾದ ತಡೆ ಮೊತ್ತವನ್ನು ಕಾಪಾಡಿತು, ಮಾಹಿತಿಯನ್ನು ಕೆಡಿಸಿತು. ಎಚ್ಚರಿಕೆಯಷ್ಟನ್ನೇ ಕೊಟ್ಟು ಮುಂದೆ ಹೋಗಲು ಬಿಡುವ ಆಯ್ಕೆಯೂ ತಂತ್ರಾಂಶದಲ್ಲಿ ಇರುತ್ತದೆ. ಆದರೆ ಅಳವಡಿಕೆಯ ಸಭೆಗಳಲ್ಲಿ 'ಗಟ್ಟಿಯಾದ ನಿಯಂತ್ರಣ ಬೇಕೋ, ಸಡಿಲವಾದದ್ದು ಬೇಕೋ' ಎಂದು ಕೇಳಿದರೆ ಸಡಿಲವಾದದ್ದು ಇರಲಿ ಎನ್ನುವ ಧೈರ್ಯ ಹಣಕಾಸು ಮುಖ್ಯಸ್ಥರಿಗೆ ಎಲ್ಲಿಂದ ಬರಬೇಕು?

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು, ತನ್ನನ್ನು ತಾನೇ ಸರಿಯೆಂದು ಸಾಬೀತುಪಡಿಸಿಕೊಳ್ಳುವ ಅಂಕಿ. ಉತ್ಪಾದನೆಗೆ ಹೋದ ಕಚ್ಚಾವಸ್ತುವನ್ನು ಪ್ರತಿ ಸಲ ತೂಗಿ ದಾಖಲಿಸುವುದು ಶ್ರಮದ ಕೆಲಸವಾದ್ದರಿಂದ, ಅನೇಕ ಕಾರ್ಖಾನೆಗಳು ಬ್ಯಾಕ್‌ಫ್ಲಶ್ ಎಂಬ ಸೌಲಭ್ಯವನ್ನು ಬಳಸುತ್ತವೆ. ಸಿದ್ಧವಾದ ಉತ್ಪನ್ನ ಎಷ್ಟು ಎಂದು ದಾಖಲಿಸಿದರೆ ಸಾಕು. ಸಾಮಗ್ರಿ ಪಟ್ಟಿಯ ಪ್ರಕಾರ ಅದಕ್ಕೆ ಎಷ್ಟು ಕಚ್ಚಾವಸ್ತು ಬೇಕಿತ್ತೋ ಅಷ್ಟನ್ನು ತಂತ್ರಾಂಶವೇ ದಾಸ್ತಾನಿನಿಂದ ಕಳೆಯುತ್ತದೆ. ಪಟ್ಟಿಯಲ್ಲಿ ಒಂದಕ್ಕೆ ಎರಡೂವರೆ ಕಿಲೋ ಎಂದಿದ್ದು ಸಾವಿರ ತಯಾರಾದರೆ, 2,500 ಕಿಲೋ ಬಳಕೆಯಾಯಿತೆಂದು ದಾಖಲಾಗುತ್ತದೆ. ನಿಜವಾಗಿ 2,620 ಕಿಲೋ ಹೋಗಿರಬಹುದು. ಆದರೆ 'ವಾಸ್ತವ ಬಳಕೆ' ಎಂಬ ಕಾಲಮ್ಮಿನಲ್ಲಿ ಇರುವುದೂ ಪಟ್ಟಿಯಿಂದ ಬಂದ ಅಂಕಿಯೇ, 'ಪ್ರಮಾಣಿತ ಬಳಕೆ' ಎಂಬ ಕಾಲಮ್ಮಿನಲ್ಲಿ ಇರುವುದೂ ಅದೇ. ವ್ಯತ್ಯಾಸ ಸೊನ್ನೆ. ಉತ್ಪಾದನೆಯ ವ್ಯವಸ್ಥಾಪಕರಿಗೆ ತಿಂಗಳು ತಿಂಗಳೂ ಹಸಿರು ಬಣ್ಣದ ವರದಿ ಹೋಗುತ್ತದೆ.

ಆ 120 ಕಿಲೋ ಎಲ್ಲಿ ಹೋಯಿತು? ಪರದೆಯ ಮೇಲೆ ಅದು ಗೋದಾಮಿನಲ್ಲೇ ಇದೆ. ಪ್ರತಿ ತಿಂಗಳೂ ಅಂಥದ್ದೊಂದಿಷ್ಟು ಸೇರುತ್ತ ಹೋಗಿ, ವರ್ಷದ ಕೊನೆಯಲ್ಲಿ ದಾಸ್ತಾನನ್ನು ಕೈಯಿಂದ ಎಣಿಸುವ ದಿನ ಬಯಲಾಗುತ್ತದೆ. ಆಗ ಅದರ ಮೇಲೆ ಯಾವ ಉತ್ಪನ್ನದ ಹೆಸರೂ, ಯಾವ ಪಾಳಿಯ ಗುರುತೂ ಉಳಿದಿರುವುದಿಲ್ಲ. 'ದಾಸ್ತಾನು ವ್ಯತ್ಯಾಸ' ಎಂಬ ಅನಾಥ ಖಾತೆಗೆ ಅದನ್ನು ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಗೋದಾಮಿನವರು ಬೈಸಿಕೊಳ್ಳುತ್ತಾರೆ, ಯಾಕೆಂದರೆ ಕೊರತೆ ಕಂಡದ್ದು ಅವರ ಮನೆಯಲ್ಲಿ. ಅಚ್ಚು ಸವೆದದ್ದೋ, ಪಟ್ಟಿಯೇ ಹಳತಾದದ್ದೋ, ಹೊಸ ಪೂರೈಕೆದಾರರ ಮಾಲಿನಲ್ಲಿ ತೇವಾಂಶ ಹೆಚ್ಚಿದ್ದದ್ದೋ, ಆ ತಿಂಗಳೇ ಕೇಳಿದ್ದರೆ ಉತ್ತರ ಸಿಗುತ್ತಿದ್ದ ಪ್ರಶ್ನೆಗಳಿವು. ಸಾಮಗ್ರಿ ಪಟ್ಟಿ ನಿಖರವಾಗಿದ್ದು ಉತ್ಪಾದನೆಯ ಅವಧಿ ಚಿಕ್ಕದಾಗಿರುವ ಕಡೆ ಬ್ಯಾಕ್‌ಫ್ಲಶ್ ಒಳ್ಳೆಯ ಸಾಧನವೇ. ನನ್ನ ತಕರಾರು ಇಷ್ಟೇ: ಅಳೆದು ಬಂದ ಅಂಕಿಯನ್ನೂ ಊಹಿಸಿ ಬಂದ ಅಂಕಿಯನ್ನೂ ಪರದೆ ಒಂದೇ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ, ಎರಡು ದಶಾಂಶ ಸ್ಥಾನದವರೆಗೆ ತೋರಿಸುತ್ತದೆ.

ತಂತ್ರಾಂಶದ ಹೊಂದಿಕೆ ಎಷ್ಟರ ಮಟ್ಟಿಗೆ ಲೆಕ್ಕಶಾಸ್ತ್ರದ ಪ್ರಶ್ನೆ ಎಂಬುದಕ್ಕೆ ಜರ್ಮನಿಯ ಲಿಡ್ಲ್ ಎಂಬ ಚಿಲ್ಲರೆ ಮಾರಾಟ ಸಂಸ್ಥೆಯ ಪ್ರಕರಣ ಒಳ್ಳೆಯ ಪುರಾವೆ. ಅದು 2011ರಲ್ಲಿ ಆರಂಭಿಸಿದ ಎಸ್‌ಎಪಿ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತೆಂದು ಆಗ ವರದಿಯಾಗಿತ್ತು. ಕಾರಣಗಳು ಹಲವು ಇದ್ದವು. ಅವುಗಳಲ್ಲಿ ಪತ್ರಿಕೆಗಳು ಎತ್ತಿ ಹೇಳಿದ ಒಂದು ಕಾರಣ ಲೆಕ್ಕಿಗರ ಕಿವಿ ನಿಮಿರಿಸುವಂಥದ್ದು. ಲಿಡ್ಲ್ ತನ್ನ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು. ತಂತ್ರಾಂಶದ ಸಿದ್ಧ ಮಾದರಿ ಮಾರುವ ಬೆಲೆಯನ್ನು ಆಧಾರವಾಗಿಟ್ಟುಕೊಂಡಿತ್ತು. ಕಂಪನಿ ತನ್ನ ರೂಢಿಯನ್ನು ಬಿಡಲು ಒಪ್ಪಲಿಲ್ಲ, ತಂತ್ರಾಂಶವನ್ನು ತಿದ್ದುತ್ತಾ ಹೋದದ್ದು ಮುಗಿಯದ ಕೆಲಸವಾಯಿತು. ದಾಸ್ತಾನಿನ ಮೌಲ್ಯವನ್ನು ಕೊಂಡ ಬೆಲೆಯಲ್ಲಿ ನೋಡುವವನು ಪ್ರತಿ ದಿನ ಖರೀದಿಯ ಚೌಕಾಸಿಯನ್ನು ನೋಡುತ್ತಾನೆ. ಮಾರುವ ಬೆಲೆಯಲ್ಲಿ ನೋಡುವವನು ಮಾರ್ಜಿನ್ ನೋಡುತ್ತಾನೆ. ವ್ಯಾಪಾರವನ್ನು ನೋಡುವ ದೃಷ್ಟಿಯೇ ಇಲ್ಲಿ ಪಣಕ್ಕಿತ್ತು. ಇದಕ್ಕೆ ಹೋಲಿಸಿದರೆ ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿಗೆ 1999ರಲ್ಲಿ ಆದದ್ದು ಸರಳ. ವರ್ಷದ ಅತಿ ದೊಡ್ಡ ಮಾರಾಟದ ಹಂಗಾಮಿನ ಹೊಸ್ತಿಲಲ್ಲಿ 11.2 ಕೋಟಿ ಡಾಲರ್ ವೆಚ್ಚದ ಹೊಸ ವ್ಯವಸ್ಥೆಯನ್ನು ಚಾಲನೆಗೆ ತಂದು, ಗೋದಾಮಿನಲ್ಲಿ ಮಾಲು ಇದ್ದರೂ ಆರ್ಡರುಗಳನ್ನು ಸಕಾಲಕ್ಕೆ ಕಳಿಸಲಾಗದೆ ಅದು ಒದ್ದಾಡಿತು. ಅಂಥ ಕಥೆಗಳೇ ಪಾಠಗಳಲ್ಲಿ ಹೆಚ್ಚು ಓಡಾಡುತ್ತವೆ; ನನಗೆ ಲಿಡ್ಲ್ ಕಥೆಯೇ ಹೆಚ್ಚು ಹೇಳುತ್ತದೆ.

ದೂರದಲ್ಲಿರುವ ಕೇಂದ್ರ ಕಚೇರಿಗೂ ಘಟಕಗಳಿಗೂ ನಡುವಿನ ಸಂಬಂಧ ಏನಾಯಿತೆಂಬುದು ಇನ್ನೊಂದು ಮಗ್ಗುಲು. ಪಾವ್ಲೊ ಕ್ವಾತ್ರೋನೆ ಮತ್ತು ಟ್ರೆವರ್ ಹಾಪರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಬಹುರಾಷ್ಟ್ರೀಯ ಕಂಪನಿಗಳಿವೆ, ಒಂದು ಅಮೆರಿಕದ್ದು, ಇನ್ನೊಂದು ಜಪಾನಿನದು. ಜಪಾನಿನ ಕಂಪನಿಯಲ್ಲಿ ಕೇಂದ್ರಕ್ಕೂ ಘಟಕಕ್ಕೂ ಇದ್ದ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅಮೆರಿಕದ ಕಂಪನಿಯಲ್ಲಿ ಎಲ್ಲರೂ ಎಲ್ಲವನ್ನೂ ಆ ಕ್ಷಣವೇ ನೋಡುವಂತಾದಾಗ, ನಿಯಂತ್ರಿಸುವವರು ಯಾರು, ನಿಯಂತ್ರಣಕ್ಕೆ ಒಳಗಾದವರು ಯಾರು ಎಂಬುದೇ ಮಸುಕಾಯಿತು. ಎಲ್ಲವನ್ನೂ ಕಾಣುವ ಕಣ್ಣು ಕೇಂದ್ರಕ್ಕೆ ಸಿಗುತ್ತದೆ, ಅದರ ಹಿಡಿತ ಬಿಗಿಯಾಗುತ್ತದೆ ಎಂಬ ಸಾಮಾನ್ಯ ನಿರೀಕ್ಷೆಗೆ ಇದು ತದ್ವಿರುದ್ಧ.

ಈ ಸಂಗತಿಯನ್ನು ಕೆಲಸದ ಮಟ್ಟದಲ್ಲಿ ಹೀಗೆ ನೋಡಬಹುದು. ಹಿಂದೆ ತಿಂಗಳು ಮುಗಿದ ಮೇಲೆ ವರದಿ ಕೇಂದ್ರಕ್ಕೆ ಮುಟ್ಟುವವರೆಗೆ ಕೆಲವು ದಿನಗಳ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಘಟಕದ ಲೆಕ್ಕಿಗರು ವ್ಯವಸ್ಥಾಪಕರ ಜೊತೆ ಕೂತು, ವಿದ್ಯುತ್ ಖರ್ಚು ಯಾಕೆ ಏರಿತು, ಒಂದು ದೊಡ್ಡ ಆರ್ಡರ್ ಯಾಕೆ ಮುಂದಿನ ತಿಂಗಳಿಗೆ ಹೋಯಿತು ಎಂದು ವಿವರಣೆ ಬರೆಯುತ್ತಿದ್ದರು. ಅಂಕಿಗಳನ್ನು ಕೊಂಚ ಅತ್ತಿತ್ತ ಸರಿಸಿ ಚಂದಗಾಣಿಸುವುದೂ ಅದೇ ಬಿಡುವಿನಲ್ಲಿ ನಡೆಯುತ್ತಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಈಗ ಅಂಕಿ ಘಟಕದವರ ಕಣ್ಣಿಗೆ ಬೀಳುವ ಮೊದಲೇ ಕೇಂದ್ರದವರ ಕಣ್ಣಿಗೆ ಬೀಳಬಹುದು, ಮತ್ತು ವಿವರಣೆಯಿಲ್ಲದ ಅಂಕಿಯನ್ನು ನೋಡಿ ಅಲ್ಲಿಂದ ಫೋನ್ ಬರಬಹುದು. ಚಂದಗಾಣಿಸುವುದು ಕಷ್ಟವಾಯಿತು, ಒಳ್ಳೆಯದೇ. ಯೋಚಿಸಿ ಬರೆಯುವುದೂ ಅದರ ಜೊತೆಗೇ ಕಷ್ಟವಾಯಿತು. ತಮ್ಮ ಘಟಕದ ಅಂಕಿಯ ಅರ್ಥವನ್ನು ಮೊದಲು ಹೇಳುವ ಹಕ್ಕು ಒಂದು ಕಾಲಕ್ಕೆ ಸ್ಥಳೀಯ ಲೆಕ್ಕಿಗರ ನಿಜವಾದ ಅಧಿಕಾರವಾಗಿತ್ತು; ಅದು ಯಾವ ಆದೇಶವೂ ಇಲ್ಲದೆ ಕೈಬಿಟ್ಟು ಹೋಯಿತು.

ಎಕ್ಸೆಲ್ ಇನ್ನೂ ಯಾಕೆ ಉಳಿದಿದೆ ಎಂಬ ಪ್ರಶ್ನೆಯನ್ನೂ ಈ ಬೆಳಕಿನಲ್ಲೇ ನೋಡಬೇಕು. ಕನ್ಸಲ್ಟೆಂಟರು ಅದನ್ನು ಹಳೆಯ ಚಾಳಿಯೆಂದು ಬಗೆದು, ಹೊಸ ವ್ಯವಸ್ಥೆ ಬಂದ ಮೇಲೆ ತಾನಾಗಿ ಹೋಗುತ್ತದೆ ಎನ್ನುತ್ತಾರೆ. ಹೋಗುವುದಿಲ್ಲ. ಇಆರ್‌ಪಿಯಲ್ಲಿ ಹಾಕಿದ ಪ್ರತಿ ಅಂಕಿಯೂ ಒಂದು ಹೇಳಿಕೆ. ಹಿಂತೆಗೆದುಕೊಳ್ಳಬೇಕಾದರೆ ಇನ್ನೊಂದು ದಾಖಲೆ ಹಾಕಬೇಕು, ಎರಡರ ಗುರುತೂ ಉಳಿಯುತ್ತದೆ. ಹಣಕಾಸು ಲೆಕ್ಕಕ್ಕೆ ಈ ಗುಣ ಬೇಕೇ ಬೇಕು. ಆದರೆ ನಿರ್ವಹಣೆಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಇನ್ನೂ ತೀರ್ಮಾನವಾಗದ ಸಂಗತಿಗಳ ಮೇಲಿನದು: ಈ ಗ್ರಾಹಕನನ್ನು ಬಿಟ್ಟರೆ ಏನಾಗುತ್ತದೆ, ಎರಡನೇ ಪಾಳಿಯನ್ನು ನಿಲ್ಲಿಸಿದರೆ ಎಷ್ಟು ಉಳಿಯುತ್ತದೆ, ಯಾವ ಒಂದು ಉತ್ಪನ್ನಕ್ಕೂ ನೇರವಾಗಿ ಸೇರದ ಸಾಮಾನ್ಯ ಖರ್ಚನ್ನು, ಅಂದರೆ ಓವರ್‌ಹೆಡ್ಡನ್ನು, ಯಂತ್ರದ ಗಂಟೆಯ ಬದಲು ಬ್ಯಾಚುಗಳ ಲೆಕ್ಕದಲ್ಲಿ ಹಂಚಿದರೆ ಯಾವ ಉತ್ಪನ್ನ ನಷ್ಟಕ್ಕೆ ಇಳಿಯುತ್ತದೆ. ಇಂಥದ್ದಕ್ಕೆ ಬರೆದು ಒರೆಸಬಹುದಾದ ಸ್ಲೇಟು ಬೇಕು. ಸ್ಲೇಟನ್ನು ಕಿತ್ತುಕೊಂಡರೆ ಜನ ಯೋಚಿಸುವುದನ್ನು ಬಿಡುತ್ತಾರೆ ಅಥವಾ ಕದ್ದು ಯೋಚಿಸುತ್ತಾರೆ. ನಾನು ಕಂಡಂತೆ ಎರಡನೆಯದೇ ಹೆಚ್ಚು. ಅಂಥ ಕದ್ದ ಹಾಳೆಗಳಲ್ಲಿ ಒಂದು ಸೂತ್ರ ತಪ್ಪಿದ್ದರೆ ಹಿಡಿಯುವವರಿಲ್ಲ ಎಂಬುದು ನಿಜವಾದ ಅಪಾಯ. ಅದಕ್ಕೆ ಪರಿಹಾರ ಹಾಳೆಗಳನ್ನು ನಿಷೇಧಿಸುವುದರಲ್ಲಿಲ್ಲ. ಮೂಲ ಅಂಕಿ ಯಾವ ದಿನ ಎಲ್ಲಿಂದ ಎಳೆದದ್ದು, ಸೂತ್ರವನ್ನು ಬರೆದವರು ಯಾರು ಎಂದು ಹಾಳೆಯ ಮೇಲೇ ಕಾಣುವಂತೆ ಮಾಡುವುದರಲ್ಲಿದೆ.

ಹಾಗಾದರೆ ಈ ಹೊಸ ವ್ಯವಸ್ಥೆಯಲ್ಲಿ ನಿಯಂತ್ರಣ ಯಾರ ಕೈಯಲ್ಲಿದೆ? ಸಂಸ್ಥೆಯ ಚಾರ್ಟಿನಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಓವರ್‌ಹೆಡ್ ದರ ಎಷ್ಟು, ಕೇಂದ್ರ ಕಚೇರಿಯ ಖರ್ಚನ್ನು ಯಾವ ಅನುಪಾತದಲ್ಲಿ ಹಂಚಬೇಕು, ಎಷ್ಟು ಶೇಕಡಾ ವ್ಯತ್ಯಾಸವಿದ್ದರೆ ಬಿಲ್ ತಡೆಯಬೇಕು, ಯಾರ ಸಹಿ ಎಷ್ಟು ಮೊತ್ತದವರೆಗೆ ನಡೆಯುತ್ತದೆ ಎಂಬವೆಲ್ಲ ಒಂದು ಕಾಲಕ್ಕೆ ಬಜೆಟ್ ಸಭೆಗಳಲ್ಲಿ ಜಗಳವಾಡಿ ತೀರ್ಮಾನಿಸುವ ವಿಷಯಗಳಾಗಿದ್ದವು. ಈಗ ಅವು ಕೋಷ್ಟಕಗಳಲ್ಲಿ ಕುಳಿತ ಮೌಲ್ಯಗಳು. ಅಳವಡಿಕೆಯ ದಿನಗಳಲ್ಲಿ, ಗಡುವು ತಲೆಯ ಮೇಲಿದ್ದಾಗ, ಒಬ್ಬ ಕನ್ಸಲ್ಟೆಂಟ್ ಮತ್ತು ಒಬ್ಬ ಕಿರಿಯ ಲೆಕ್ಕಿಗ ಕೂತು 'ಸದ್ಯಕ್ಕೆ ಹೀಗಿಡೋಣ' ಎಂದು ತುಂಬಿದವು. ಕನ್ಸಲ್ಟೆಂಟ್ ಬೇರೆ ಯೋಜನೆಗೆ ಹೋದರು, ಕಿರಿಯ ಲೆಕ್ಕಿಗ ಬೇರೆ ಕಂಪನಿಗೆ. ಮೌಲ್ಯ ಹಾಗೆಯೇ ಇದೆ, ಪ್ರತಿ ತಿಂಗಳೂ ಸಾವಿರಾರು ನಮೂದುಗಳನ್ನು ಹುಟ್ಟಿಸುತ್ತಿದೆ. ಯಾಕೆ ಹೀಗೆ ಎಂದು ಹೊಸಬರು ಕೇಳಿದರೆ ಸಿಗುವ ಉತ್ತರ, 'ಸಿಸ್ಟಮ್‌ನಲ್ಲೇ ಹಾಗಿದೆ'. ಈ ಉತ್ತರವನ್ನು ಕೊಡುವವರು ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಂದು ವಿಭಾಗ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂಬುದನ್ನು ತೀರ್ಮಾನಿಸುವ ಹಂಚಿಕೆಯ ನಿಯಮಕ್ಕೆ ಇಂದು ವಾರಸುದಾರರೇ ಇಲ್ಲ ಎಂಬುದಷ್ಟೆ ಅದರ ಅರ್ಥ.

ಪಾಲ್ ಆಡ್ಲರ್ ಮತ್ತು ಬ್ರಯನ್ ಬೋರಿಸ್ 1996ರಲ್ಲಿ ನಿಯಮಾವಳಿಗಳನ್ನು ಎರಡು ಬಗೆಯಾಗಿ ನೋಡಿದ್ದರು: ಕೆಲಸಗಾರರ ಕೈಗೆ ಬಲ ಕೊಡುವಂಥವು, ಕೈ ಕಟ್ಟುವಂಥವು. ಕೆಟ್ಟುಹೋದದ್ದನ್ನು ಕೆಲಸ ಮಾಡುವವರೇ ಸರಿಪಡಿಸಿಕೊಳ್ಳಬಹುದೇ, ನಿಯಮದ ಹಿಂದಿನ ತರ್ಕ ಅವರಿಗೆ ಕಾಣುತ್ತದೆಯೇ, ತಮ್ಮ ಕೆಲಸ ಇಡೀ ಸಂಸ್ಥೆಯಲ್ಲಿ ಎಲ್ಲಿ ಹೋಗಿ ಸೇರುತ್ತದೆಂದು ಗೊತ್ತಾಗುತ್ತದೆಯೇ, ಸಂದರ್ಭಕ್ಕೆ ತಕ್ಕಂತೆ ಬಾಗಲು ಅವಕಾಶವಿದೆಯೇ ಎಂಬ ನಾಲ್ಕು ಪ್ರಶ್ನೆಗಳು ಅವರ ಅಳತೆಗೋಲು. ಇದೇ ಅಳತೆಗೋಲನ್ನು ಆ ಸ್ಟೋರ್ ಕೀಪರ್ ಕೂತಿರುವ ಪರದೆಗೆ ಹಿಡಿದರೆ ಬಹಳ ಕಡೆ ಫಲಿತಾಂಶ ಚೆನ್ನಾಗಿರುವುದಿಲ್ಲ. ಅವನಿಗೆ ಪರಿಮಾಣದ ಅಂಕಣ ಕಾಣುತ್ತದೆ, ಮೌಲ್ಯ ಕಾಣುವುದಿಲ್ಲ. ಬೆಲೆಯ ಗೌಪ್ಯತೆಯ ಹೆಸರಿನಲ್ಲಿ ಅದನ್ನು ಅವನ ಅಧಿಕಾರದಿಂದ ಹೊರಗಿಟ್ಟಿರುತ್ತಾರೆ. ಹತ್ತರ ಸಾಮಾನಿಗೆ ಸಾವಿರ ಬೀಳುತ್ತಿದೆ ಎಂದು ತಿಳಿಯಬಲ್ಲ ಒಬ್ಬನೇ ಒಬ್ಬ ಮನುಷ್ಯ ಆ ಕ್ಷಣದಲ್ಲಿ ಅಲ್ಲಿದ್ದಾನೆ, ಅವನ ಕಣ್ಣಿಗೆ ಪಟ್ಟಿ ಕಟ್ಟಿದೆ. ಪೂರೈಕೆದಾರರ ದರವನ್ನು ತೋರಿಸದೆಯೂ, ದಾಖಲಾಗುತ್ತಿರುವ ಬಿಡಿ ಮೌಲ್ಯ ಹಿಂದಿನ ಸರಾಸರಿಯ ನೂರು ಪಟ್ಟು ಇದೆ ಎಂದು ಎಚ್ಚರಿಸುವ ಒಂದು ಸಾಲನ್ನು ಆ ಪರದೆಗೆ ಸೇರಿಸುವುದು ಕಷ್ಟದ ಕೆಲಸವಲ್ಲ. ಕೇಳುವವರು ಬೇಕು.

ಹಂಚಿಕೆಯ ನಿಯಮಗಳ ವಿಷಯದಲ್ಲೂ ಕೇಳಬೇಕಾದದ್ದು ಇಂಥದ್ದೇ ಸಣ್ಣ ಸಂಗತಿ. ಮಾಸ್ಟರ್ ಡೇಟಾದಲ್ಲಿ ಒಂದು ಮೌಲ್ಯ ಬದಲಾದರೆ ಹಳೆಯ ಮೌಲ್ಯವೇನು, ಹೊಸದೇನು, ಬದಲಿಸಿದ ಲಾಗಿನ್ ಯಾವುದು, ದಿನಾಂಕ ಮತ್ತು ಗಂಟೆ ಎಷ್ಟು ಎಂಬುದನ್ನೆಲ್ಲ ಇಂದಿನ ತಂತ್ರಾಂಶಗಳು ದಾಖಲಿಸಿಡಬಲ್ಲವು. ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ತೆಗೆಸಿ ನೋಡುತ್ತಾರೆ. ಬದಲಿಸಿದ್ದು ಯಾಕೆ ಎಂಬುದಕ್ಕೆ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಅಂಕಣವಿರುವುದಿಲ್ಲ. ಓವರ್‌ಹೆಡ್ ದರ, ಹಂಚಿಕೆಯ ಅನುಪಾತ, ತಡೆಯ ಮಿತಿ ಈ ಮೂರಕ್ಕಾದರೂ, ಬದಲಾವಣೆಯ ಕೋರಿಕೆಯ ನಮೂನೆಯಲ್ಲಿ ಕಾರಣವನ್ನು ಎರಡು ವಾಕ್ಯದಲ್ಲಿ ಬರೆಯದೆ ಮುಂದೆ ಹೋಗದಂತೆ ಮಾಡಿ, ಮುಂದಿನ ಬಜೆಟ್ ಸಭೆಯ ಮೊದಲ ಅರ್ಧ ಗಂಟೆಯನ್ನು ಆ ವಾಕ್ಯಗಳನ್ನು ಗಟ್ಟಿಯಾಗಿ ಓದಲು ಮೀಸಲಿಡಬೇಕೆಂದು ನಾನು ವಾದಿಸುತ್ತ ಬಂದಿದ್ದೇನೆ. ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ ಎಂಬ ಆಕ್ಷೇಪ ಪ್ರತಿ ಸಲವೂ ಬರುತ್ತದೆ, ಮತ್ತು ಅದನ್ನು ಎತ್ತುವವರು ಸಾಮಾನ್ಯವಾಗಿ ಈಗಿರುವ ಹಂಚಿಕೆಯಿಂದ ಲಾಭದಲ್ಲಿ ಕಾಣಿಸಿಕೊಳ್ಳುವ ವಿಭಾಗದವರೇ ಆಗಿರುತ್ತಾರೆ.